ಎರಿಗೊಂದು, ಮಸಾರಿಗೊಂದು: ಹೊಲದ ಮಣ್ಣಿನಲ್ಲಿ ಇಂಗಾಲ ಉಳಿಸುವ ದಾರಿಗಳ ಹೋಲಿಕೆ

ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿ ಸುತ್ತಿನ ಹೊಲಗಳ ಬದುವಿಗೆ ಕಟ್ಟಿಗೆಯ ಗುಡ್ಡೆ ಬೀಳುತ್ತದೆ. ಒಂದಿಷ್ಟು ಒಲೆಗೆ ಹೋಗುತ್ತದೆ, ಒಂದಿಷ್ಟು ಬೇಲಿಗೆ. ಉಳಿದದ್ದಕ್ಕೆ ಬೇಸಿಗೆಯಲ್ಲಿ ಬೆಂಕಿ. ಮಣ್ಣಿನ ಇಂಗಾಲದ ಪ್ರಶ್ನೆ ಶುರುವಾಗುವುದು ಆ ಗುಡ್ಡೆಯಿಂದಲೇ. ಅದನ್ನು ಪುಡಿ ಮಾಡಿ ಹೊಲಕ್ಕೆ ಸೇರಿಸಬೇಕೋ, ತಿಪ್ಪೆಗೆ ಹಾಕಬೇಕೋ, ಬಯೋಚಾರ್ ಅಂದರೆ ಇದ್ದಿಲು ಮಾಡಬೇಕೋ?

ಒಂದು ಟನ್ ಒಣ ಕಟ್ಟಿಗೆಯಲ್ಲಿ ಸುಮಾರು 450 ಕಿಲೋ ಇಂಗಾಲ ಇರುತ್ತದೆ. ಬೆಂಕಿ ಹಚ್ಚಿದರೆ ಹೆಚ್ಚುಕಡಿಮೆ ಅಷ್ಟೂ ಗಾಳಿಗೆ ಹೋಗಿ ಹಿಡಿ ಬೂದಿ ಉಳಿಯುತ್ತದೆ. ಪುಡಿ ಮಾಡಿ ಮಣ್ಣಿಗೆ ಸೇರಿಸಿದರೆ ನಮ್ಮ ಬಿಸಿಲಿಗೆ ಸೂಕ್ಷ್ಮಜೀವಿಗಳು ಬಹುಪಾಲು ತಿಂದು ಮುಗಿಸುತ್ತವೆ. ಕೆಲವು ವರ್ಷಗಳ ನಂತರ ಉಳಿಯುವುದು ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ. ಅಂದರೆ 45ರಿಂದ 70 ಕಿಲೋ. ಕಾಂಪೋಸ್ಟ್ ಮಾಡಿದರೆ ಅರ್ಧದಷ್ಟು ಇಂಗಾಲ ಗುಂಡಿಯಲ್ಲೇ ಕಳೆದುಹೋಗುತ್ತದೆ. ಹೊಲಕ್ಕೆ ಹೋಗುವ ಉಳಿದರ್ಧ ಅಷ್ಟು ಬೇಗ ಕೊಳೆಯುವುದಿಲ್ಲವಾದ್ದರಿಂದ ಕೊನೆಯ ಲೆಕ್ಕ ನೇರವಾಗಿ ಸೇರಿಸಿದ್ದಕ್ಕಿಂತ ಬಹಳ ಬೇರೆ ಆಗುವುದಿಲ್ಲ. ಬಯೋಚಾರ್ ಮಾಡಿದರೆ 250ರಿಂದ 300 ಕಿಲೋ ಇದ್ದಿಲು ಸಿಗುತ್ತದೆ. ಅದರಲ್ಲಿ 170ರಿಂದ 200 ಕಿಲೋ ಇಂಗಾಲ, ಅದರ ದೊಡ್ಡ ಪಾಲು ದಶಕಗಳ ಕಾಲ ಕದಲುವುದಿಲ್ಲ.

ಬರೀ ಇಂಗಾಲದ ಲೆಕ್ಕ ಹಿಡಿದರೆ ಬಯೋಚಾರ್ ಗೆದ್ದಂತೆ ಕಾಣುತ್ತದೆ. ಆದರೆ ಬೆಳೆಗೆ ಅನ್ನ ಕೊಡುವುದು ಕೊಳೆಯುವ ಇಂಗಾಲ. ಕೊಳೆಯದ್ದು ಬರೀ ಕೂತಿರುತ್ತದೆ. ಹಾಗಾಗಿ ಯಾವ ದಾರಿ ಎಂಬುದನ್ನು ಹೊಲದ ಮಣ್ಣು, ನೀರು, ರೋಗ ನೋಡಿಯೇ ತೀರ್ಮಾನಿಸಬೇಕು.

ಎಷ್ಟಿದೆ, ಎಷ್ಟು ಏರಬಹುದು

ಸಾಯಿಲ್ ಹೆಲ್ತ್ ಕಾರ್ಡಿನಲ್ಲಿ, ಅಂದರೆ ಮಣ್ಣು ಪರೀಕ್ಷೆಯ ವರದಿಯಲ್ಲಿ, ಸಾವಯವ ಇಂಗಾಲದ ಸಾಲು ಇರುತ್ತದೆ. 0.5 ಶೇಕಡಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.5ರಿಂದ 0.75 ‘ಮಧ್ಯಮ’, ಅದಕ್ಕೂ ಮೇಲೆ ‘ಹೆಚ್ಚು’. ಈ ಶೇಕಡವನ್ನು ತೂಕಕ್ಕೆ ತಿರುಗಿಸುವ ಲೆಕ್ಕ ಸುಲಭ. ಶೇಕಡಾವಾರು ಇಂಗಾಲ, ಮಣ್ಣಿನ ಸಾಂದ್ರತೆ (ಒಂದು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ), ಆಳ (ಸೆಂಟಿಮೀಟರಿನಲ್ಲಿ), ಈ ಮೂರನ್ನು ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಟನ್ ಎಂದು ಸಿಗುತ್ತದೆ. 0.5 × 1.3 × 30 ಅಂದರೆ 19.5 ಟನ್. ಎಕರೆಗೆ ಇಳಿಸಿದರೆ ಸುಮಾರು 7.9 ಟನ್. ಅದೇ ಹೊಲ 0.5ರಿಂದ 0.6ಕ್ಕೆ ಏರಿದರೆ ಎಕರೆಗೆ 1.6 ಟನ್ ಇಂಗಾಲ ಸೇರಿದಂತೆ.

ಇದಕ್ಕೆ ಎಷ್ಟು ವರ್ಷ ಬೇಕು? ಬೀದರ್–ಹೈದರಾಬಾದ್ ದಾರಿಯಲ್ಲಿ ಬರುವ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರದಲ್ಲಿ 1976ರಿಂದ ಕಪ್ಪು ಮಣ್ಣಿನಲ್ಲಿ ಎರಡು ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾ ಬಂದಿದ್ದಾರೆ. ಒಂದು, ಮಳೆಗಾಲದಲ್ಲಿ ಖಾಲಿ ಬಿಟ್ಟು ಹಿಂಗಾರಿಗೆ ಮಾತ್ರ ಬಿತ್ತುವ ಹಳೆಯ ಪದ್ಧತಿ. ಇನ್ನೊಂದು, ಅಗಲ ಮಡಿ–ಕಾಲುವೆ ಮಾಡಿ, ಮಳೆಗಾಲದಲ್ಲೇ ಜೋಳ–ತೊಗರಿಯಂಥ ಬೆಳೆ ಇಟ್ಟು, ಗೊಬ್ಬರ ಕೊಟ್ಟು ಬೆಳೆಯುವ ಸುಧಾರಿತ ಪದ್ಧತಿ. 24 ವರ್ಷಗಳ ಕೊನೆಯಲ್ಲಿ ಎರಡನೆಯದರ ಮಣ್ಣಿನಲ್ಲಿ, 120 ಸೆಂಟಿಮೀಟರ್ ಆಳದವರೆಗೆ ಅಳೆದಾಗ, ಹೆಕ್ಟೇರಿಗೆ 7.3 ಟನ್ ಹೆಚ್ಚು ಇಂಗಾಲ ಇತ್ತು. ಲೆಕ್ಕ ಹಾಕಿದರೆ ವರ್ಷಕ್ಕೆ ಎಕರೆಗೆ ಹೆಚ್ಚುಕಡಿಮೆ 125 ಕಿಲೋ. ಅದೂ ಒಳ್ಳೆಯ ನಿರ್ವಹಣೆ ಇದ್ದ ಹೊಲದಲ್ಲಿ. ಅಷ್ಟೂ ಮೇಲಿನ 30 ಸೆಂಟಿಮೀಟರಿನಲ್ಲೇ ಸೇರಿತು ಎಂದಿಟ್ಟುಕೊಂಡರೂ ಆ ವೇಗದಲ್ಲಿ 0.1 ಶೇಕಡ ಏರಬೇಕೆಂದರೆ ಹನ್ನೆರಡು–ಹದಿಮೂರು ವರ್ಷ ಬೇಕು. ಎರಡೇ ವರ್ಷದಲ್ಲಿ ಇಂಗಾಲ ದುಪ್ಪಟ್ಟು ಮಾಡುತ್ತೇವೆ ಎಂದು ಯಾರಾದರೂ ಬಾಟಲಿ ಹಿಡಿದು ಬಂದರೆ ಈ ಲೆಕ್ಕ ನೆನಪಿರಲಿ.

ಇನ್ನೊಂದು ಮಾತು. ಇಂಗಾಲ ಮಣ್ಣಿನಲ್ಲಿ ಒಂಟಿಯಾಗಿ ಉಳಿಯುವುದಿಲ್ಲ. ಹತ್ತು–ಹನ್ನೆರಡು ಕಿಲೋ ಇಂಗಾಲ ಹ್ಯೂಮಸ್ (ಕೊಳೆತು ಉಳಿದ ಸಾವಯವ ಅಂಶ) ಆಗಿ ನಿಲ್ಲಬೇಕಾದರೆ ಜೊತೆಗೆ ಒಂದು ಕಿಲೋ ಸಾರಜನಕ ಬೇಕು. ವರ್ಷಕ್ಕೆ 125 ಕಿಲೋ ಇಂಗಾಲ ನಿಲ್ಲಿಸಲು 10ರಿಂದ 12 ಕಿಲೋ ಸಾರಜನಕ ಮಣ್ಣಿನಲ್ಲೇ ಕಟ್ಟಿಹೋಗುತ್ತದೆ. ಬರೀ ಜೋಳದ ಕಣಿಕೆ, ಬರೀ ಕಬ್ಬಿನ ರವದಿ (ಒಣ ಗರಿ) ಹಾಕಿ ಇಂಗಾಲ ಏರಲಿಲ್ಲ ಎನ್ನುವವರ ಹೊಲದಲ್ಲಿ ಹೆಚ್ಚಾಗಿ ತಪ್ಪಿರುವುದು ಇಲ್ಲೇ. ಬೇಳೆಕಾಳಿನ ನಾಡಿಗೆ ಇದು ಒಳ್ಳೆಯ ಸುದ್ದಿ. ತೊಗರಿ ತನ್ನ ಸಾರಜನಕವನ್ನು ಬಹುಮಟ್ಟಿಗೆ ತಾನೇ ಗಾಳಿಯಿಂದ ತರುತ್ತದೆ, ಉದುರಿದ ಎಲೆಯ ರೂಪದಲ್ಲಿ ಅದರ ಒಂದು ಪಾಲನ್ನು ನೆಲಕ್ಕೆ ಬಿಡುತ್ತದೆ.

ಮಳೆಯಾಶ್ರಿತ ಎರಿ: ಮೊದಲು ಮಳೆಗಾಲದ ಖಾಲಿ ಹೊಲ ತುಂಬಿ

ಜೇವರ್ಗಿ, ಅಫಜಲಪುರ, ಆಳಂದ, ಚಿತ್ತಾಪುರದ ಆಳದ ಎರಿಗೆ, ಅಂದರೆ ಕಪ್ಪು ಮಣ್ಣಿಗೆ, ಇಂಗಾಲ ಹಿಡಿದಿಡುವ ಶಕ್ತಿ ಜಾಸ್ತಿ. ಅದರ ಜಿಗುಟು ಜೇಡಿ ಕಣಗಳು ಸಾವಯವ ಅಂಶವನ್ನು ಸುತ್ತಿಕೊಂಡು ಸೂಕ್ಷ್ಮಜೀವಿಗಳಿಗೆ ಸಿಗದಂತೆ ಮಾಡುತ್ತವೆ. ಆದರೂ ಇಲ್ಲಿನ ಕಾರ್ಡುಗಳಲ್ಲಿ ‘ಕಡಿಮೆ’ ಎಂದು ಬರುವುದು ಅಪರೂಪವಲ್ಲ. ಕಾರಣ ಎರಡು. ಹಿಂಗಾರಿ ಜೋಳ, ಕಡಲೆಗೆಂದು ಇಟ್ಟ ಹೊಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆತ್ತಲೆ ಇರುತ್ತದೆ. ಕಳೆ ಬರಬಾರದೆಂದು ಮೇಲಿಂದ ಮೇಲೆ ಕುಂಟಿ ಹೊಡೆಯುತ್ತೇವೆ. ವರ್ಷದ ಬಹುಪಾಲು ಮಳೆ ಬರುವ ತಿಂಗಳುಗಳಲ್ಲಿ ಹೊಲ ಏನನ್ನೂ ಬೆಳೆಯುವುದಿಲ್ಲ, ಮೇಲಿಂದ ಮೇಲ್ಪದರವೂ ಕೊಚ್ಚಿಹೋಗುತ್ತದೆ. ಇಂಗಾಲ ಹೆಚ್ಚು ಇರುವುದೇ ಆ ಮೇಲ್ಪದರದಲ್ಲಿ.

ಹಾಗಾಗಿ ಇಂಥ ಹೊಲದಲ್ಲಿ ಆಯ್ಕೆ ಇರುವುದು ಮೂರು: ಮುಂಗಾರಿ ಹೆಸರು, ಸೆಣಬಿನ ಹಸಿರೆಲೆ ಗೊಬ್ಬರ, ಅಥವಾ ಹಿಂಗಾರಿ ಒಂಟಿ ಬೆಳೆಯನ್ನೇ ಬಿಟ್ಟು ತೊಗರಿಗೆ ಹೋಗುವುದು.

ನಮ್ಮ ಮೊದಲ ಓಟು ಹೆಸರಿಗೆ. ಜೂನ್ ಹದ ಸಿಕ್ಕ ಕೂಡಲೇ ಬಿತ್ತಿದರೆ 65–70 ದಿನಕ್ಕೆ ಕಾಯಿ ಬಿಡಿಸಿ, ಉಳಿದ ಹಸಿ ಗಿಡವನ್ನು ರೋಟವೇಟರ್‌ನಿಂದ ಮಣ್ಣಿಗೆ ಸೇರಿಸಿ, ಸೆಪ್ಟೆಂಬರ್ ಕೊನೆಗೆ ಬಿಳಿಜೋಳಕ್ಕೆ ಹೊಲ ಸಿದ್ಧ. ಕಾಳು ಮಾರಿದರೆ ಬೀಜ–ಕೂಲಿಯ ಖರ್ಚು ಬರುತ್ತದೆ, ಆದ್ದರಿಂದ ಮರುವರ್ಷವೂ ಬಿತ್ತುವ ಮನಸ್ಸು ಬರುತ್ತದೆ. ಇಂಗಾಲದ ವಿಷಯದಲ್ಲಿ ಒಂದು ವರ್ಷ ಬಹಳ ಮಾಡಿ ಬಿಡುವುದಕ್ಕಿಂತ ಸ್ವಲ್ಪವೇ ಆದರೂ ಪ್ರತಿವರ್ಷ ಮಾಡುವುದು ಮೇಲು. ತಪ್ಪುವುದು ಎಲ್ಲಿ? ಆಗಸ್ಟ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳೆಯುತ್ತದೆ, ಎರಿಯಲ್ಲಿ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಆಗ ಕಾಳಿನ ಆಸೆ ಬಿಟ್ಟು ಗಿಡ ಮಣ್ಣಿಗೆ ಸೇರಿಸುವುದೇ ಬುದ್ಧಿ. ಹಿಂಗಾರಿ ಬಿತ್ತನೆ ತಡವಾದರೆ ಆಗುವ ನಷ್ಟ ಹೆಸರಿನ ಲಾಭಕ್ಕಿಂತ ದೊಡ್ಡದು.

ಸೆಣಬು ಹೆಸರಿಗಿಂತ ಹೆಚ್ಚು ಹಸಿರು ಕೊಡುತ್ತದೆ. ಎಕರೆಗೆ 20ರಿಂದ 25 ಕಿಲೋ ಬೀಜ, 45–50 ದಿನಕ್ಕೆ, ಹೂ ಕಾಣುವ ಹೊತ್ತಿಗೆ, ಮಣ್ಣಿಗೆ ಸೇರಿಸಬೇಕು. ಹೂ ದಾಟಿ ಬಿಟ್ಟರೆ ಕಾಂಡ ನಾರಾಗಿ ರೋಟವೇಟರ್ ಅಲಗಿಗೆ ಸುತ್ತಿಕೊಳ್ಳುತ್ತದೆ. ಸೇರಿಸಿದ ಮೇಲೆ ಕೊಳೆಯಲು ಎರಡು–ಮೂರು ವಾರ ತೇವ ಇರಲೇಬೇಕು. ಮಳೆ ಕೈಕೊಟ್ಟ ವರ್ಷ ಸೆಣಬು ಬೆಳೆದು ಹಿಂಗಾರಿ ಬೆಳೆಗೆಂದು ಉಳಿಯಬೇಕಿದ್ದ ನೀರನ್ನೇ ಕುಡಿದು ಹೋಗುತ್ತದೆ. ಆಳ ಕಡಿಮೆ ಇರುವ, ಎರಡು ಅಡಿಗೇ ಗರಸು ಸಿಗುವ ಎರಿಗೆ ಇದನ್ನು ನಾವು ಸೂಚಿಸುವುದಿಲ್ಲ. ಸೆಣಬು ಹಾಕಿದ ಹೊಲದಲ್ಲಿ ಇಂಗಾಲ ಶೇಖರಣೆಗಿಂತ ಸಾರಜನಕದ ಲಾಭವೇ ದೊಡ್ಡದು. ಎಳೆ ಹಸಿರು ಬೇಗ ಕೊಳೆಯುತ್ತದೆ, ಬೇಗ ಹೋಗುತ್ತದೆ. ಕಣಿಕೆ–ಕಟ್ಟಿಗೆಯ ಜೊತೆ ಸೇರಿದಾಗ ಇಬ್ಬರಿಗೂ ಲಾಭ.

ಮೂರನೆಯದು, ತೊಗರಿ. ಆರು ತಿಂಗಳು ನೆಲ ಮುಚ್ಚಿರುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ. ಕೆಳಪದರಕ್ಕೆ ಇಂಗಾಲ ಒಯ್ಯಲು ಇದಕ್ಕಿಂತ ಅಗ್ಗದ ಯಂತ್ರ ಇಲ್ಲ. ಆದರೆ ಪ್ರತಿವರ್ಷ ತೊಗರಿ ಮೇಲೆ ತೊಗರಿ ಹಾಕಿದರೆ ಗಿಡ ಬಾಡಿ ಒಣಗುವ ನೆಟೆ ರೋಗ. ಆಗ ಬೆಳೆಯೂ ಇಲ್ಲ, ಇಂಗಾಲವೂ ಇಲ್ಲ. ಜೋಳ ಅಥವಾ ಸಜ್ಜೆಯ ಜೊತೆ ಬದಲಾವಣೆ, ಇಲ್ಲವೇ ತೊಗರಿ ಸಾಲಿನ ನಡುವೆ ಜೋಳ ಇರಲಿ.

ಕಟ್ಟಿಗೆಯ ಗತಿ: ಪುಡಿಯೋ, ಗುಂಡಿಯೋ, ಇದ್ದಿಲೋ

ಒಂದು ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳಿ: ಆ ಹೊಲದಲ್ಲಿ ನೆಟೆ ರೋಗ ಬಂದಿತ್ತೇ? ಆ ರೋಗದ ಶಿಲೀಂಧ್ರ ಬೇರು–ಕಾಂಡದ ತುಂಡಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ರೋಗದ ಮಡಿಯ ಕಟ್ಟಿಗೆಯನ್ನು ಶ್ರೆಡ್ಡರಿಗೆ ಕೊಟ್ಟು ಇಡೀ ಹೊಲಕ್ಕೆ ಹರಡಿದರೆ ರೋಗವನ್ನು ನಾವೇ ಬಿತ್ತಿದಂತೆ. ಹತ್ತಿಯಲ್ಲೂ ಇದೇ ಮಾತು. ಗುಲಾಬಿ ಕಾಯಿಕೊರಕ ಕಟ್ಟಿಗೆಯಲ್ಲಿ ಉಳಿದ ಒಣ ಕಾಯಿಗಳಲ್ಲಿ ಅಡಗಿ ಕೂತಿರುತ್ತದೆ, ಬದುವಿನ ಮೇಲಿನ ಗುಡ್ಡೆ ಅದಕ್ಕೆ ಬಾಡಿಗೆಯಿಲ್ಲದ ಮನೆ. ಇಂಥ ಕಟ್ಟಿಗೆಗೆ ಬಯೋಚಾರ್ ಸರಿಯಾದ ದಾರಿ, ಬೆಂಕಿ ರೋಗವನ್ನೂ ಹುಳವನ್ನೂ ಮುಗಿಸುತ್ತದೆ.

ಆರೋಗ್ಯವಾದ ಹೊಲದ ಕಟ್ಟಿಗೆಯಾದರೆ ಪುಡಿ ಮಾಡಿ ಸೇರಿಸುವುದು ಅಗ್ಗ. ಶ್ರೆಡ್ಡರ್ ಅಥವಾ ಮಲ್ಚರ್ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯೇ ಕೇಳಿ. ತುಂಡು ಎರಡು ಇಂಚಿಗಿಂತ ದೊಡ್ಡದಿದ್ದರೆ ಮುಂದೆ ಕೂರಿಗೆ ಹಲ್ಲಿಗೆ ಸಿಕ್ಕಿ ಬಿತ್ತನೆ ಕೆಡುತ್ತದೆ. ಟನ್ ಕಟ್ಟಿಗೆಗೆ 8ರಿಂದ 10 ಕಿಲೋ ಯೂರಿಯಾ ಎರಚಿ ಸೇರಿಸಿ. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ಕಟ್ಟಿಗೆ ಕೊಳೆಸಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಮುಂದಿನ ಜೋಳ ಮೊಳಕೆಯಲ್ಲೇ ಹಳದಿಯಾಗುತ್ತದೆ. ಫೆಬ್ರವರಿಯಲ್ಲಿ ಸೇರಿಸಿದ ತುಂಡು ಜೂನ್‌ವರೆಗೆ ಒಣ ಮಣ್ಣಿನಲ್ಲಿ ಹಾಗೇ ಬಿದ್ದಿರುತ್ತದೆ. ಕೊಳೆಯುವುದು ಮಳೆ ಬಿದ್ದ ಮೇಲೇ. ಅದಕ್ಕೇ ಯೂರಿಯಾವನ್ನು ಮೊದಲ ಮಳೆಯ ಹೊತ್ತಿಗೆ ಕೊಡುವುದು ಒಳ್ಳೆಯದು. ಏಪ್ರಿಲ್ ಬಿಸಿಲಿನಲ್ಲಿ ಎರಚಿದ ಯೂರಿಯಾ, ಅದರಲ್ಲೂ ನಮ್ಮ ಕ್ಷಾರ ಮಣ್ಣಿನ ಮೇಲೆ, ಅಮೋನಿಯ ಆಗಿ ಹಾರಿಹೋಗುತ್ತದೆ.

ದನ ಇರುವ ಮನೆಗೆ ಕಾಂಪೋಸ್ಟ್ ಸೂಕ್ತ. ನಡೆಪ್ ಎಂಬ ಇಟ್ಟಿಗೆಯ ಕಾಂಪೋಸ್ಟ್ ತೊಟ್ಟಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರ. ಗೋಡೆಯಲ್ಲಿ ಗಾಳಿಗೆ ಕಿಂಡಿ ಬಿಡಬೇಕು. ಒಳಗೆ ಸುಮಾರು 1,400 ಕಿಲೋ ಒಣ ಕಸ, 90–100 ಕಿಲೋ ಸೆಗಣಿ, 1,750 ಕಿಲೋ ಜರಡಿ ಹಿಡಿದ ಮಣ್ಣು, 1,500ರಿಂದ 2,000 ಲೀಟರ್ ನೀರು. ಮೂರೂವರೆ–ನಾಲ್ಕು ತಿಂಗಳಿಗೆ ಎರಡೂವರೆ–ಮೂರು ಟನ್ ಗೊಬ್ಬರ ಸಿಗುತ್ತದೆ. ಈ ನೀರನ್ನು ನೋಡಿಯೇ ಕಾಲ ಆರಿಸಿಕೊಳ್ಳಬೇಕು. ಮಾರ್ಚ್‌ನಲ್ಲಿ ತುಂಬಿಸಿದ ತೊಟ್ಟಿ 42 ಡಿಗ್ರಿ ಬಿಸಿಲಿಗೆ ಒಣಗಿ ಕೊಳೆಯುವುದೇ ನಿಲ್ಲುತ್ತದೆ, ಜೂನ್‌ನಲ್ಲಿ ತೆರೆದರೆ ಹಾಕಿದ ಕಟ್ಟಿಗೆ ಹಾಗೇ ಇರುತ್ತದೆ. ಕಟ್ಟಿಗೆ ಜನವರಿಯಲ್ಲಿ ಬಂದರೂ ಕೂಡಿಟ್ಟು, ತೊಟ್ಟಿಯನ್ನು ಮಳೆಗಾಲದಲ್ಲಿ ತುಂಬುವುದು ಜಾಣತನ.

ಮಾಮೂಲಿ ತಿಪ್ಪೆ ಗೊಬ್ಬರಕ್ಕೆ ಎಕರೆಗೆ 4–5 ಟನ್ ಎಂಬುದು ಎಲ್ಲರಿಗೂ ಗೊತ್ತು. ಕಡಿಮೆ ಜನ ಗಮನಿಸುವ ತಪ್ಪು ಬೇರೆ. ಮೇ ತಿಂಗಳಲ್ಲಿ ಟ್ರಾಲಿಯಿಂದ ಇಳಿಸಿದ ಸಣ್ಣ ಗುಪ್ಪೆಗಳು ಹೊಲದಲ್ಲಿ ವಾರಗಟ್ಟಲೆ ಬಿಸಿಲಿಗೆ ಬಿದ್ದಿರುತ್ತವೆ. ಗೊಬ್ಬರದ ಸಾರಜನಕ ಹಾರಿಹೋಗಿ, ಮಳೆ ಬರುವಷ್ಟರಲ್ಲಿ ಹೊಟ್ಟು ಮಾತ್ರ ಉಳಿಯುತ್ತದೆ. ಇಳಿಸಿದ ದಿನವೇ ಹರಡಿ, ಅಂದೋ ಮರುದಿನವೋ ಕುಂಟಿ ಹೊಡೆದು ಮಣ್ಣಿಗೆ ಸೇರಿಸಿ. ಅದಕ್ಕೆ ಪುರುಸೊತ್ತಿಲ್ಲವೆಂದರೆ ಗೊಬ್ಬರ ತಿಪ್ಪೆಯಲ್ಲೇ ಇರಲಿ, ಮೇಲೆ ಮಣ್ಣು ಮುಚ್ಚಿ. ಇನ್ನೊಂದು, ಪಕ್ಕದೂರಿನಿಂದ ಕೊಂಡು ತಂದ ಗೊಬ್ಬರದಿಂದ ನಿಮ್ಮ ಹೊಲದ ಇಂಗಾಲ ಏರುತ್ತದೆ, ಅವರ ಹೊಲದ್ದು ಇಳಿಯುತ್ತದೆ. ಹೊಲಕ್ಕೆ ಲಾಭ, ವಾತಾವರಣಕ್ಕೆ ಏನೂ ಇಲ್ಲ. ಒಲೆಗೆ ಹೋಗುತ್ತಿದ್ದ ಕುಳ್ಳು ಉಳಿಸಿ, ಬೆಂಕಿಗೆ ಬೀಳುತ್ತಿದ್ದ ಕಟ್ಟಿಗೆ ಉಳಿಸಿ ತಂದ ಇಂಗಾಲ ಮಾತ್ರ ನಿಜವಾಗಿ ಹೊಸದು.

ಇನ್ನು ಬಯೋಚಾರ್. ದೊಡ್ಡ ಯಂತ್ರ ಬೇಡ, ನೆಲದಲ್ಲಿ ಬುಟ್ಟಿಯಾಕಾರದ ಗುಂಡಿ ಸಾಕು: ಬಾಯಿ ಐದು ಅಡಿ ಅಗಲ, ಆಳ ಎರಡೂವರೆ–ಮೂರು ಅಡಿ, ತಳ ಕಿರಿದು, ಗೋಡೆ ಇಳಿಜಾರು. ತಳದಲ್ಲಿ ಸಣ್ಣ ಪುಳ್ಳೆಯಿಂದ ಜೋರು ಬೆಂಕಿ ಎಬ್ಬಿಸಿ, ಮೇಲ್ಪದರಕ್ಕೆ ಬಿಳಿ ಬೂದಿಯ ಪೊರೆ ಹಿಡಿಯಲು ಶುರುವಾದ ಕೂಡಲೇ ಇನ್ನೊಂದು ತೆಳು ಪದರ ಹಾಕಬೇಕು. ಮೇಲಿನ ಜ್ವಾಲೆ ಕೆಳಗೆ ಗಾಳಿ ಇಳಿಯದಂತೆ ತಡೆಯುತ್ತದೆ, ಕೆಳಗಿನ ಕಟ್ಟಿಗೆ ಬೂದಿಯಾಗದೆ ಇದ್ದಿಲಾಗುತ್ತದೆ. ಬೂದಿ ಬಂದ ಮೇಲೂ ತಡ ಮಾಡಿದರೆ ಇದ್ದಿಲು ಉರಿದುಹೋಗುತ್ತದೆ. ಅವಸರ ಮಾಡಿ ದಪ್ಪ ಪದರ ಹಾಕಿದರೆ ಜ್ವಾಲೆ ಆರಿ ಹೊಗೆ ಏಳುತ್ತದೆ. ದಟ್ಟ ಹೊಗೆ ಕಂಡರೆ ಕಾರಣ ಎರಡರಲ್ಲೊಂದು: ಪದರ ದಪ್ಪ, ಇಲ್ಲವೇ ಕಟ್ಟಿಗೆ ಹಸಿ. ಮುರಿದರೆ ‘ಟಕ್’ ಎನ್ನುವಷ್ಟು ಒಣಗಿರಬೇಕು. ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಬೇಕು, ಒಂದೆರಡು ಡ್ರಮ್ ನೀರು ಮೊದಲೇ ತುಂಬಿಸಿಟ್ಟುಕೊಳ್ಳಿ. ನೀರಿಲ್ಲದಿದ್ದರೆ ಮೇಲೆ ಒಂದು ಗೇಣು ದಪ್ಪ ಹಸಿ ಮಣ್ಣು ಮುಚ್ಚಿ, ಎರಡು ದಿನ ತೆರೆಯಬಾರದು. ಮೇಲೆ ತಣ್ಣಗಾದಂತೆ ಕಂಡರೂ ಒಳಗೆ ಕೆಂಡ ಇರುತ್ತದೆ, ಗಾಳಿ ತಗುಲಿದರೆ ರಾತ್ರೋರಾತ್ರಿ ಎಲ್ಲ ಬೂದಿ. ಕಣಿಕೆಯ ಬಣವೆ ಹತ್ತಿರ ಈ ಕೆಲಸ ಮಾಡಲೇಬೇಡಿ.

ಚೆನ್ನಾಗಿ ಆದ ಇದ್ದಿಲು ಬೆರಳಲ್ಲಿ ಪುಡಿಯಾಗುತ್ತದೆ, ಕೈ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಜಿಡ್ಡು ಹತ್ತಿದರೆ, ಒಳಗೆ ಕಂದು ಕಟ್ಟಿಗೆ ಕಂಡರೆ ಅರೆಬೆಂದದ್ದು. ಅದನ್ನು ಮುಂದಿನ ಸಲದ ಗುಂಡಿಗೆ ಹಾಕಿ.

ಬಯೋಚಾರನ್ನು ಮಾಡಿದ ಹಾಗೇ ನೇರವಾಗಿ ಹೊಲಕ್ಕೆ ಎರಚಿದರೆ ಮೊದಲ ವರ್ಷ ಬೆಳೆ ಹಿಂದೆ ಬೀಳಬಹುದು. ಖಾಲಿ ರಂಧ್ರಗಳು ಮಣ್ಣಿನ ಪೋಷಕಾಂಶವನ್ನೇ ಹೀರಿಕೊಳ್ಳುತ್ತವೆ. ಸಗಣಿ ಬಗ್ಗಡದಲ್ಲಿ ನೆನೆಸಿ ಅಥವಾ ತಿಪ್ಪೆ ಗೊಬ್ಬರದ ಜೊತೆ ಸಮಪಾಲು ಬೆರೆಸಿ ಎರಡು–ಮೂರು ವಾರ ಬಿಟ್ಟು ನಂತರ ಹಾಕಿ. ಪುಸ್ತಕದಲ್ಲಿ ಎಕರೆಗೆ ಟನ್‌ಗಟ್ಟಲೆ ಹೇಳುತ್ತಾರೆ, ಒಂದು ಎಕರೆಯ ಕಟ್ಟಿಗೆಯಿಂದ ಸಿಗುವುದು 300–400 ಕಿಲೋ ಮಾತ್ರ. ಅದನ್ನು ಇಡೀ ಹೊಲಕ್ಕೆ ಎರಚುವ ಬದಲು ಬಿತ್ತನೆ ಸಾಲಿಗೆ ಹಾಕುವುದು ಸರಿ.

ಇಲ್ಲಿ ಒಂದು ಎಚ್ಚರಿಕೆ. ಬಯೋಚಾರಿನ ರಸಸಾರ (ಪಿಎಚ್) ಸಾಮಾನ್ಯವಾಗಿ 8ರಿಂದ 10. ನಮ್ಮ ಎರಿಯ ರಸಸಾರ ಈಗಾಗಲೇ 8ರ ಮೇಲಿದೆ. ಅದರ ಮೇಲೆ ಮತ್ತೆ ಕ್ಷಾರ ಸುರಿದರೆ ಸತು, ಕಬ್ಬಿಣ ಬೆಳೆಗೆ ಸಿಗುವುದು ಇನ್ನೂ ಕಷ್ಟವಾಗುತ್ತದೆ. ಬಯೋಚಾರಿಗೆ ನಿಜವಾಗಿ ಹೊಂದುವ ಮಣ್ಣು ಬೇರೆ ಕಡೆ ಇದೆ.

ಮಸಾರಿ ಮತ್ತು ಬೀದರಿನ ಕೆಂಪು ನೆಲ

ಬೀದರ್, ಹುಮನಾಬಾದ್ ಎತ್ತರದ ನೆಲ ಜಂಬಿಟ್ಟಿಗೆ. ಈ ಕಲ್ಲು ನೀರನ್ನು ಎಷ್ಟು ಸರಾಗವಾಗಿ ಒಳಕ್ಕೆ ಬಿಡುತ್ತದೆಂದರೆ ಬಹಮನಿಗಳ ಕಾಲದಲ್ಲಿ ಇದೇ ಕಲ್ಲನ್ನು ಕೊರೆದು ಬೀದರಿಗೆ ಕರೇಜ್ ಅಂದರೆ ಸುರಂಗ ಬಾವಿ ಮಾಡಿದರು. ನೀರು ಇಳಿಯುವ ಜೊತೆಗೆ ಸುಣ್ಣ, ಪೊಟ್ಯಾಷ್ ಕೂಡ ಇಳಿದುಹೋಗುತ್ತವೆ, ಮಣ್ಣು ಹುಳಿಯ ಕಡೆ ವಾಲುತ್ತದೆ. ಬಯೋಚಾರಿನ ಕ್ಷಾರ ಗುಣ ಇಲ್ಲಿ ಔಷಧಿ. ಅದರ ರಂಧ್ರಗಳು ನೀರು–ಗೊಬ್ಬರ ಹಿಡಿದಿಡುವುದೂ ಇಲ್ಲಿಯೇ ಕಣ್ಣಿಗೆ ಕಾಣುತ್ತದೆ. ಒಂದೇ ಕುಟುಂಬಕ್ಕೆ ಭಾಲ್ಕಿ ಕಡೆ ಎರಿಯೂ ಬೀದರ್ ಮಗ್ಗುಲಲ್ಲಿ ಕೆಂಪು ಹೊಲವೂ ಇದ್ದರೆ, ಇದ್ದಿಲು ಕೆಂಪಿಗೆ, ತಿಪ್ಪೆ ಎರಿಗೆ ಎಂದು ಹಂಚಿಕೊಳ್ಳಬಹುದು.

ಯಾದಗಿರಿ, ಗುರುಮಠಕಲ್ ಕಡೆಯ ಮರಳು ಮಿಶ್ರಿತ ಮಸಾರಿಯ, ಅಂದರೆ ಕೆಂಪು ಮಣ್ಣಿನ, ಸ್ವಭಾವ ಬೇರೆ. ಜೇಡಿ ಕಡಿಮೆ ಇರುವುದರಿಂದ ಇಂಗಾಲವನ್ನು ಸುತ್ತಿ ಕಾಪಾಡುವವರಿಲ್ಲ. ಹಾಕಿದ ಗೊಬ್ಬರದ ಫಲ ಅದೇ ವರ್ಷ ಕಾಣುತ್ತದೆ, ಎರಡು ವರ್ಷ ಬಿಟ್ಟರೆ ಗುರುತೂ ಸಿಗುವುದಿಲ್ಲ. ಇಲ್ಲಿ ಕೆರೆ ಹೂಳಿಗೆ ಬೆಲೆ. ಹೂಳಿನ ಜೊತೆ ಜೇಡಿಯೂ ಇಂಗಾಲವೂ ಒಟ್ಟಿಗೆ ಬರುತ್ತವೆ, ಜೇಡಿ ಮುಂದೆ ಹಾಕುವ ಗೊಬ್ಬರವನ್ನೂ ಹಿಡಿದುಕೊಳ್ಳುತ್ತದೆ. ಆದರೆ ಹೂಳು ಹೊರುವ ಮೊದಲು ಒಂದು ಡಬ್ಬಿ ಮಣ್ಣನ್ನು ಪರೀಕ್ಷೆಗೆ ಕೊಟ್ಟು ಉಪ್ಪಿನ ಅಂಶ ನೋಡಿ. ಕೆರೆಯ ಅಂಚಿನಲ್ಲಿ ಬಿಳಿ ಪೊರೆ ಕಂಡರೆ ಅಲ್ಲಿಂದ ಎತ್ತಬೇಡಿ. ಎರಿ ಹೊಲಕ್ಕೆ ಹೂಳು ಹಾಕುವುದು ವ್ಯರ್ಥ ಬಾಡಿಗೆ, ಅಲ್ಲಿ ಜೇಡಿ ಈಗಾಗಲೇ ಹೆಚ್ಚೇ ಇದೆ.

ಬದುವಿನ ಮೇಲೆ ಗೊಬ್ಬರ ಗಿಡ, ಅಂದರೆ ಗ್ಲಿರಿಸಿಡಿಯ, ಎರಡೂ ಮಣ್ಣಿಗೆ ಹೊಂದುತ್ತದೆ. ಎರಡು–ಎರಡೂವರೆ ಅಡಿಗೊಂದು ಸಸಿ. ಮೊದಲ ವರ್ಷ ಕಡಿಯಬೇಡಿ, ನಂತರ ಮೊಣಕಾಲೆತ್ತರಕ್ಕಿಂತ ಮೇಲೆ ಕಡಿದು ಸೊಪ್ಪನ್ನು ಸಾಲಿನ ನಡುವೆ ಹಾಸಿ. ಬೇವು, ಹೊಂಗೆ ಹಚ್ಚುವವರು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ತಂದು ಹೆಸರು ಬರೆಸಿದರೆ ಬದುಕಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ನೆರಳಿನ ಹೊಡೆತ ಬಡಗಣ ಬದುವಿನಲ್ಲಿ ಕಡಿಮೆ. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಆ ಗಿಡದ ನೆರಳು ನಿಮ್ಮ ಹೊಲದಾಚೆ ಬೀಳುತ್ತದೆ. ಪಕ್ಕದ ಹೊಲದವರು ಜಗಳಕ್ಕೆ ಬರುವುದು ಅದಕ್ಕೇ, ಮೊದಲೇ ಮಾತಾಡಿಕೊಳ್ಳಿ.

ನೀರಾವರಿ ಹೊಲ: ಕಬ್ಬು ಸುಲಭ, ಭತ್ತ ಕಷ್ಟ

ಕಬ್ಬಿನ ಹೊಲದ ತೀರ್ಮಾನಕ್ಕೆ ಹೆಚ್ಚು ಯೋಚನೆ ಬೇಡ. ಕಟಾವಿನ ನಂತರ ಎಕರೆಗೆ ಮೂರು–ನಾಲ್ಕು ಟನ್ ರವದಿ ಉಳಿಯುತ್ತದೆ, ಅದನ್ನು ಸುಡದಿದ್ದರೆ ಸಾಕು. ಕೂಳೆ ಬೆಳೆಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಸಿ. ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಕೊಟ್ಟು ನೀರು ಬಿಡಿ. ನೀರು ಉಳಿಯುತ್ತದೆ, ಕಳೆ ಏಳುವುದಿಲ್ಲ. ಹನಿ ನೀರಾವರಿ ಇರುವ ಕಡೆ ಪೈಪು ರವದಿಯ ಕೆಳಗಿರಲಿ, ಮೇಲಿದ್ದರೆ ತೇವ ಕೆಳಗಿಳಿಯದೆ ಕೊಳೆಯುವುದು ನಿಲ್ಲುತ್ತದೆ.

ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಶಹಾಪುರ, ಸುರಪುರದ ಭತ್ತದ ಗದ್ದೆಗಳಲ್ಲಿ ಲೆಕ್ಕ ತಿರುಗುಮುರುಗು. ಹುಲ್ಲು ಸುಟ್ಟರೆ ಇಂಗಾಲ ನಷ್ಟ ನಿಜ. ಆದರೆ ನಾಟಿಗೆ ಸ್ವಲ್ಪ ಮುಂಚೆ ಹಸಿ ಹುಲ್ಲನ್ನು ಕೆಸರಿಗೆ ತುಳಿದು ನೀರು ನಿಲ್ಲಿಸಿದರೆ, ಗಾಳಿಯಿಲ್ಲದ ಕೆಸರಿನಲ್ಲಿ ಅದು ಮೀಥೇನ್ ಆಗಿ ಗುಳ್ಳೆ ಎಬ್ಬಿಸುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ 27–28 ಪಟ್ಟು ಬಿಸಿ ಹಿಡಿಯುತ್ತದೆ. ಮಣ್ಣಿಗೆ ಸೇರಿದ ಚೂರು ಇಂಗಾಲದ ಲಾಭ ಅದರ ಮುಂದೆ ನಿಲ್ಲುವುದಿಲ್ಲ. ಹುಲ್ಲನ್ನು ಕಾಂಪೋಸ್ಟ್ ಮಾಡಿ ಹಾಕಿ, ಇಲ್ಲವೇ ಒಣ ಬೇಸಿಗೆಯಲ್ಲೇ, ನೀರು ಬಿಡುವ ಎಷ್ಟೋ ವಾರ ಮೊದಲೇ, ಉತ್ತು ಸೇರಿಸಿ. ಗದ್ದೆಗೆ ನೀರು ಸದಾ ನಿಲ್ಲಿಸದೆ ಒಮ್ಮೆ ಒಣಗಿಸಿ ಒಮ್ಮೆ ಹಾಯಿಸುವ ಪದ್ಧತಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ತಪ್ಪಬಾರದು.

ಕಾಲುವೆ ಬದಿಯಲ್ಲಿ ಸವಳು ಹಿಡಿದ ಹೊಲ ಇದ್ದರೆ ಮೇಲಿನ ಯಾವುದೂ ಮೊದಲ ಹೆಜ್ಜೆ ಅಲ್ಲ. ಬೆಳೆಯೇ ಬಾರದ ಕಡೆ ಇಂಗಾಲ ಬರುವುದು ಎಲ್ಲಿಂದ? ಬಸಿಗಾಲುವೆ ಸರಿಪಡಿಸಿ, ಪರೀಕ್ಷೆಯಲ್ಲಿ ಬಂದ ಪ್ರಮಾಣದಷ್ಟು ಜಿಪ್ಸಂ ಹಾಕಿ, ಆಮೇಲೆ ಎಕರೆಗೆ 20 ಕಿಲೋ ಡಯಂಚ ಬಿತ್ತಿ. ಸವಳನ್ನು ಸಹಿಸುವ ಹಸಿರೆಲೆ ಗೊಬ್ಬರ ಅದು.

ಉಳುಮೆ ಬಿಡಬೇಕೇ?

ಉಳದೇ ಬಿತ್ತಿದರೆ ಇಂಗಾಲ ಉಳಿಯುತ್ತದೆ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅರ್ಧ ಸತ್ಯ. ಉಳದ ಹೊಲದಲ್ಲಿ ಇಂಗಾಲ ಮೇಲಿನ ನಾಲ್ಕಾರು ಇಂಚಿನಲ್ಲಿ ಕೂಡುತ್ತದೆ, ಕೆಳಗೆ ಅಷ್ಟು ಕೂಡುವುದಿಲ್ಲ. 30 ಸೆಂಟಿಮೀಟರಿನವರೆಗೆ ಅಳೆದರೆ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಎರಿ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟು, ಮಳೆಗೆ ಉಬ್ಬಿ, ತನ್ನನ್ನು ತಾನೇ ಒಂದಿಷ್ಟು ಉತ್ತುಕೊಳ್ಳುತ್ತದೆ. ಜೊತೆಗೆ ಬೇಸಿಗೆಯ ಆಳ ಉಳುಮೆ ಕಾಯಿಕೊರಕದ ಕೋಶಗಳನ್ನು ಬಿಸಿಲಿಗೂ ಹಕ್ಕಿಗೂ ಒಡ್ಡುತ್ತದೆ, ಕರಿಕೆ–ಜೇಕು ಕಳೆ ಹತೋಟಿಗೆ ಬರುತ್ತದೆ. ಅದನ್ನು ಪೂರ್ತಿ ಬಿಟ್ಟರೆ ಔಷಧಿ ಸಿಂಪಡಣೆ ಏರುತ್ತದೆ. ಪಲ್ಟಿ ನೇಗಿಲನ್ನು ಪ್ರತಿವರ್ಷದ ಬದಲು ಮೂರು ವರ್ಷಕ್ಕೊಮ್ಮೆ ಇಳಿಸಿ, ನಡುವಿನ ವರ್ಷಗಳಲ್ಲಿ ಕುಂಟಿಯೇ ಸಾಕು ಎಂಬುದು ನಮ್ಮ ಅಂದಾಜು. ಉಳುವುದೇ ಆದರೆ ಇಳಿಜಾರಿಗೆ ಅಡ್ಡಲಾಗಿ. ಇಳಿಜಾರಿನುದ್ದಕ್ಕೆ ಉತ್ತ ಹೊಲದಿಂದ ಒಂದು ಜೋರು ಮಳೆಗೆ ಹೋಗುವ ಮೇಲ್ಮಣ್ಣು ವರ್ಷಗಟ್ಟಲೆ ಗೊಬ್ಬರ ಹಾಕಿ ಗಳಿಸಿದ್ದನ್ನು ಕೊಂಡೊಯ್ಯುತ್ತದೆ.

ಅಳತೆ, ಕಾರ್ಬನ್ ಕ್ರೆಡಿಟ್, ಕಾಗದ

ಗೊಬ್ಬರದ ಲೆಕ್ಕಕ್ಕೆ ತೆಗೆಯುವ 15 ಸೆಂಟಿಮೀಟರ್ ಮಾದರಿ ಇಂಗಾಲ ಶೇಖರಣೆಯ ಲೆಕ್ಕಕ್ಕೆ ಸಾಲದು. 0–15 ಮತ್ತು 15–30 ಸೆಂಟಿಮೀಟರ್ ಎಂದು ಎರಡು ಪದರ ಬೇರೆಬೇರೆ ತೆಗೆಯಿರಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು 10–15 ಜಾಗದಿಂದ. ಬದು, ಗಿಡದ ಬುಡ, ಹಳೆ ತಿಪ್ಪೆ ಜಾಗ ಬಿಟ್ಟು. ಬಿರುಕಿನ ಬಾಯಿಂದ ತೆಗೆಯಬೇಡಿ, ಮೇಲಿನ ಮಣ್ಣು ಅದರೊಳಗೆ ಉದುರಿರುತ್ತದೆ. ಸಾಂದ್ರತೆಗೆ 5 ಸೆಂಟಿಮೀಟರ್ ವ್ಯಾಸ, 5 ಸೆಂಟಿಮೀಟರ್ ಎತ್ತರದ ಕಬ್ಬಿಣದ ಉಂಗುರ ಸಾಕು, ಅದರ ಗಾತ್ರ 98 ಘನ ಸೆಂಟಿಮೀಟರ್. ಒಳಗಿನ ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿದಾಗ 130 ಗ್ರಾಂ ಬಂದರೆ ಸಾಂದ್ರತೆ 1.33. ಎರಿ ಹಸಿ ಇದ್ದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ ಮೊದಲ ಅಳತೆ ಯಾವ ತಿಂಗಳಲ್ಲಿ, ಎಂಥ ಹದದಲ್ಲಿ ಆಗಿತ್ತೋ ಮುಂದಿನದೂ ಅದೇ ಹದದಲ್ಲಿ ಆಗಬೇಕು. ವರ್ಷ ವರ್ಷ ಅಳೆದು ಪ್ರಯೋಜನ ಇಲ್ಲ. ವರ್ಷದ ಏರಿಕೆ 0.01 ಶೇಕಡದ ಆಸುಪಾಸು, ಒಂದೇ ಮಣ್ಣನ್ನು ಒಂದೇ ಪ್ರಯೋಗಾಲಯಕ್ಕೆ ಎರಡು ಸಲ ಕೊಟ್ಟರೂ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಐದು ವರ್ಷಕ್ಕೊಮ್ಮೆ, ಅದೇ ಪ್ರಯೋಗಾಲಯದಲ್ಲಿ.

ಪರೀಕ್ಷೆಯ ವಿಧಾನವನ್ನೂ ಕೇಳಿ. ನಮ್ಮ ಕಡೆ ಮಾಮೂಲಿ ವಾಕ್ಲಿ–ಬ್ಲಾಕ್ ವಿಧಾನ ಸುಣ್ಣದಲ್ಲಿರುವ ಇಂಗಾಲವನ್ನು ಎಣಿಸುವುದಿಲ್ಲ. ಮಾದರಿಯನ್ನು ಪೂರ್ತಿ ಸುಟ್ಟು ಅಳೆಯುವ ಯಂತ್ರ ಎಣಿಸುತ್ತದೆ. ಎರಿಯಲ್ಲಿ ಬಿಳಿ ಸುಣ್ಣದ ಹರಳು ಎಷ್ಟಿರುತ್ತವೆಂದು ಅಗೆದವರಿಗೆ ಗೊತ್ತು. ಮಣ್ಣಿಗೆ ಆಮ್ಲ ಹಾಕಿ ಸುಣ್ಣ ತೆಗೆಯದೆ ಆ ಯಂತ್ರದಲ್ಲಿಟ್ಟರೆ ಹರಳಿನ ಇಂಗಾಲವೂ ಸಾವಯವವಾಗಿ ಕಾಣುತ್ತದೆ. ಮೊದಲ ಸಲ ಒಂದು ವಿಧಾನ, ಎರಡನೆಯ ಸಲ ಇನ್ನೊಂದು ಎಂದಾದರೆ ಬಂದ ‘ಏರಿಕೆ’ ಬರೀ ಕಾಗದದ ಮೇಲಿನದು.

ಕಾರ್ಬನ್ ಕ್ರೆಡಿಟ್, ಅಂದರೆ ಉಳಿಸಿದ ಇಂಗಾಲದ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರ, ಕೊಡಿಸುತ್ತೇವೆ ಎಂದು ಬರುವವರ ಮಾತಿಗೂ ಇದೇ ತಕ್ಕಡಿ. ಒಂದು ಟನ್ ಇಂಗಾಲ ಅಂದರೆ 3.67 ಟನ್ ಕಾರ್ಬನ್ ಡೈಆಕ್ಸೈಡ್. ವರ್ಷಕ್ಕೆ ಎಕರೆಗೆ 125 ಕಿಲೋ ಇಂಗಾಲ ಏರಿದರೆ ಅರ್ಧ ಟನ್ನಿಗೆ ತುಸು ಕಡಿಮೆ ಕ್ರೆಡಿಟ್. ಟನ್ನಿಗೆ ಒಂದು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ಎಕರೆಗೆ ಸುಮಾರು 450 ರೂಪಾಯಿ, ಅದರಲ್ಲಿ ಅಳತೆ, ಪರಿಶೀಲನೆ, ಮಧ್ಯವರ್ತಿಯ ಪಾಲು ಕಳೆಯಬೇಕು. ಕೇಂದ್ರ ಸರಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆ ಪ್ರಕಟಿಸಿದೆ, 2024ರ ಜನವರಿಯಲ್ಲಿ ಕೃಷಿ ಸಚಿವಾಲಯ ರೈತರ ಸ್ವಯಂಪ್ರೇರಿತ ಮಾರುಕಟ್ಟೆಗೆ ಚೌಕಟ್ಟು ತಂದಿದೆ. ಮುಂದೆ ದರ ಏರಬಹುದು. ಆದರೂ ಈ ಹಣಕ್ಕಾಗಿ ಪದ್ಧತಿ ಬದಲಿಸಬೇಡಿ. ತೇವ ಒಂದು ವಾರ ಹೆಚ್ಚು ನಿಂತರೆ ಸಿಗುವ ಕಾಳಿನ ಬೆಲೆ ಇದಕ್ಕಿಂತ ದೊಡ್ಡದು.

ಸಹಿ ಹಾಕುವುದೇ ಆದರೆ ಕರಾರಿನಲ್ಲಿ ಇವನ್ನು ಹುಡುಕಿ: ಎಷ್ಟು ವರ್ಷದ ಬಂಧನ, ನಡುವೆ ಒಮ್ಮೆ ಆಳ ಉಳುಮೆ ಮಾಡಿದರೆ ಹಣ ವಾಪಸ್ ಕೊಡಬೇಕೇ, ಮೊದಲ ಅಳತೆ ನಿಮ್ಮ ಹೊಲದ ಮಣ್ಣಿನದೋ, ಇಡೀ ತಾಲ್ಲೂಕಿನ ಸರಾಸರಿಯೋ, ಅಳತೆಯ ವರದಿಯ ಒಂದು ಪ್ರತಿ ನಿಮಗೆ ಸಿಗುತ್ತದೆಯೇ, ಅದೇ ಹೊಲವನ್ನು ಬೇರೆ ಯೋಜನೆಗೂ ಬರೆಸಿದ್ದರೆ ಏನು. ಎರಡನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಒಪ್ಪಬೇಡಿ. ನೆಟೆ ರೋಗ ಬಂದ ವರ್ಷ ಉಳದೇ ಇರಲಾಗುವುದಿಲ್ಲ.

ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡಿದ ಹೊಲಕ್ಕೆ ಇಂಥ ಕರಾರು ಬೇಡವೇ ಬೇಡ, ಬಯೋಚಾರೂ ಬೇಡ. ಅದರ ಫಲ ಕಾಣುವಷ್ಟರಲ್ಲಿ ಹೊಲ ಇನ್ನೊಬ್ಬರ ಕೈಯಲ್ಲಿರುತ್ತದೆ. ಅಲ್ಲಿ ಮುಂಗಾರಿ ಹೆಸರು, ಬಿತ್ತನೆ ಸಾಲಿಗೆ ಗೊಬ್ಬರ, ಇಷ್ಟಕ್ಕೇ ನಿಲ್ಲಿಸಿ. ಹೊಲದ ಮಾಲಿಕರು ಮೂರು ವರ್ಷಕ್ಕೆ ಲಾವಣಿ ಬರೆದುಕೊಡಲು ಒಪ್ಪಿದರೆ ಕಟ್ಟಿಗೆ ಪುಡಿ ಮಾಡಿ ಸೇರಿಸುವ ಖರ್ಚೂ ಮೈಮೇಲೆ ಬರುವುದಿಲ್ಲ.